ಬಾಕ್ಸ್ ತಪ್ಪಿದ ಗಾಡಿಗೆ ಹೋದಾಗ: ಅಮೆರಿಕದ ಪಾರ್ಸೆಲ್ ಲೋಡರ್ ತನ್ನ ಕೆಲಸ ಉಳಿಸಿಕೊಳ್ಳುವುದು ಹೇಗೆ

ಬೆಳಗಿನ ಜಾವ ನಾಲ್ಕೂವರೆ. ಉದ್ದನೆಯ ಬೆಲ್ಟ್ ಮೇಲೆ ಬಾಕ್ಸ್‌ಗಳು ಒಂದರ ಹಿಂದೊಂದು ಬರುತ್ತಿವೆ. ಪಕ್ಕದಲ್ಲೇ ಹಿಂಬಾಗಿಲು ತೆರೆದ ಡೆಲಿವರಿ ಗಾಡಿಗಳ ಸಾಲು. ಒಬ್ಬ ಲೋಡರ್ ಪಾಲಿಗೆ ಮೂರೋ ನಾಲ್ಕೋ ಗಾಡಿ. ಪ್ರತಿ ಬಾಕ್ಸ್ ಮೇಲೂ ಒಂದು ಚಿಕ್ಕ ಚೀಟಿ ಅಂಟಿಸಿರುತ್ತಾರೆ. ಯುಪಿಎಸ್ ಅನ್ನುವ ದೊಡ್ಡ ಪಾರ್ಸೆಲ್ ಕಂಪನಿಯಲ್ಲಿ ಇದಕ್ಕೆ ಪ್ಯಾಲ್ ಲೇಬಲ್ ಅನ್ನುತ್ತಾರೆ. ಯಾವ ಗಾಡಿ, ಅದರೊಳಗೆ ಯಾವ ಶೆಲ್ಫ್, ಎಲ್ಲವೂ ಅದರಲ್ಲಿ ನಂಬರಾಗಿ ಇರುತ್ತದೆ. ಶೆಲ್ಫ್‌ಗಳ ನಂಬರು 1000ದಿಂದ 8000ದ ಸಾಲಿನವರೆಗೆ. ಚೀಟಿ ಓದಬೇಕು, ಬಾಕ್ಸ್ ಎತ್ತಬೇಕು, ಗಾಡಿ ಹತ್ತಬೇಕು, ಜಾಗ ನೋಡಿ ಇಡಬೇಕು, ಇಳಿಯಬೇಕು. ಅಷ್ಟರಲ್ಲಿ ಇನ್ನೂ ನಾಲ್ಕು ಬಾಕ್ಸ್ ಬಂದು ನಿಂತಿರುತ್ತವೆ. ಅದರಲ್ಲಿ ಒಂದು ಹಗುರ, ಇನ್ನೊಂದು 60 ಕಿಲೋ. 150 ಪೌಂಡ್, ಅಂದರೆ ಸುಮಾರು 68 ಕಿಲೋ ತನಕ ಯುಪಿಎಸ್ ಪಾರ್ಸೆಲ್ ತೆಗೆದುಕೊಳ್ಳುತ್ತದೆ.

ಈ ಓಟದಲ್ಲಿ 72ನೇ ಗಾಡಿಯ ಬಾಕ್ಸ್ 73ಕ್ಕೆ ಹೋಗಿಬಿಡುತ್ತದೆ. ಇದೇ ಮಿಸ್‌ಲೋಡ್. ಮಧ್ಯಾಹ್ನ ಡ್ರೈವರ್ ಶೆಲ್ಫ್ ನೋಡಿದಾಗ ತನ್ನ ದಾರಿಯಲ್ಲೇ ಇಲ್ಲದ ವಿಳಾಸದ ಬಾಕ್ಸ್ ಕೈಗೆ ಸಿಗುತ್ತದೆ. ಅವನು ಮೈಲುಗಟ್ಟಲೆ ಸುತ್ತಬೇಕು, ಇಲ್ಲವೇ ಅದನ್ನು ವಾಪಸ್ ತರಬೇಕು. ಎರಡೂ ಕಂಪನಿಗೆ ಖರ್ಚು. ಮರುದಿನ ಸೂಪರ್‌ವೈಸರ್ ಬಂದು "ಒಂದು ನಿಮಿಷ ಆಫೀಸಿಗೆ ಬಾ" ಅನ್ನುತ್ತಾರೆ.

ನಾನು ಹೇಳಬೇಕೆಂದಿರುವುದು ಆ ಒಂದು ನಿಮಿಷದ ಬಗ್ಗೆ. ಬಾಕ್ಸ್ ತಪ್ಪಿದ್ದು ಸಣ್ಣ ತಪ್ಪು. ಆದರೆ ಆ ಕೋಣೆಯಲ್ಲಿ ಆಡಿದ ಮಾತು, ಹಾಕಿದ ಸಹಿ, ಆಮೇಲಿನ ಕೆಲವು ದಿನಗಳಲ್ಲಿ ಕೊಡದೇ ಬಿಟ್ಟ ಒಂದು ದೂರು, ಇವು ಆ ಸಣ್ಣ ತಪ್ಪನ್ನು ದೊಡ್ಡದು ಮಾಡಿಬಿಡಬಹುದು. ಅಮೆರಿಕದಲ್ಲಿರುವ ನಮ್ಮವರೆಲ್ಲ ಐಟಿಯವರೇ ಅಂದುಕೊಳ್ಳುತ್ತೇವೆ, ಅಲ್ವಾ? ಗ್ರೀನ್ ಕಾರ್ಡ್ ಮೇಲೆ ನಡುವಯಸ್ಸಿನಲ್ಲಿ ಹೋದವರು ಗೋದಾಮು, ಪಾರ್ಸೆಲ್ ಕೆಲಸಕ್ಕೂ ಸೇರುತ್ತಾರೆ. ದೊಡ್ಡವರ ಮುಂದೆ ಎದುರು ಮಾತಾಡಬಾರದು ಅಂತ ಕಲಿತು ಬೆಳೆದವರು ಆ ಕೋಣೆಯಲ್ಲಿ ತಲೆಯಾಡಿಸಿಕೊಂಡು ಬಂದುಬಿಡುತ್ತಾರೆ. ಅವರಿಗೆ ಇದು ಗೊತ್ತಿರಲೇಬೇಕು.

ಮೊದಲು ಒಂದು ವಿಷಯ ಸರಿಯಾಗಿ ತಿಳಿದುಕೊಳ್ಳೋಣ. ಅಮೆರಿಕದಲ್ಲಿ ಯೂನಿಯನ್ ಇಲ್ಲದ ಹೆಚ್ಚಿನ ಖಾಸಗಿ ಕೆಲಸಗಳಲ್ಲಿ ಮಾಲೀಕ ಕಾರಣ ಕೊಡದೆಯೇ ಕೆಲಸದಿಂದ ತೆಗೆಯಬಹುದು. ಜನಾಂಗ, ಧರ್ಮ, ಲಿಂಗದಂಥ, ಕಾನೂನು ಬೇಡ ಅಂದಿರುವ ಕಾರಣಕ್ಕೆ ತೆಗೆದರೆ ಮಾತ್ರ ಅದು ತಪ್ಪಾಗುತ್ತದೆ. ನಮ್ಮಲ್ಲಿ ಸಾರಿಗೆ ಡಿಪೋದಲ್ಲೋ ಕಾರ್ಖಾನೆಯಲ್ಲೋ ದುಡಿದವರಿಗೆ ಮೆಮೊ, ಚಾರ್ಜ್‌ಶೀಟ್, ಎನ್‌ಕ್ವೈರಿ ಗೊತ್ತು. ಕಾಯಂ ನೌಕರನನ್ನು ತೆಗೆಯಬೇಕಾದರೆ ಇಷ್ಟೆಲ್ಲ ಆಗಬೇಕು ಅನ್ನುವುದು ನಮಗೆ ಸಹಜ. ಅಲ್ಲಿ ಅದು ಸಹಜ ಅಲ್ಲ. ಅಲ್ಲಿ ಆ ರಕ್ಷಣೆ ಬರುವುದು ಮುಖ್ಯವಾಗಿ ಯೂನಿಯನ್ ಮಾಡಿಕೊಂಡ ಒಪ್ಪಂದದಿಂದ.

ಯುಪಿಎಸ್‌ನಲ್ಲಿ ಲೋಡರ್‌ಗಳು, ಡ್ರೈವರ್‌ಗಳು ಟೀಮ್‌ಸ್ಟರ್ಸ್ ಯೂನಿಯನ್ನಿನವರು. ಕುದುರೆಗಾಡಿ ಹೊಡೆಯುವವರ ಸಂಘವಾಗಿ 1903ರಲ್ಲಿ ಹುಟ್ಟಿದ ಯೂನಿಯನ್ ಇದು. 1997ರಲ್ಲಿ ಸುಮಾರು 1,85,000 ಮಂದಿ 15 ದಿನ ಮುಷ್ಕರ ಹೂಡಿದ್ದರು. ಪಾರ್ಟ್‌ಟೈಮ್‌ನವರಿಗೆ ಫುಲ್‌ಟೈಮ್ ಕೆಲಸ ಕೊಡಿ ಅನ್ನುವುದು ಆಗ ದೊಡ್ಡ ಬೇಡಿಕೆ. ಈಗಿನ ಒಪ್ಪಂದ 2023ರ ಆಗಸ್ಟ್‌ನಲ್ಲಿ ಸದಸ್ಯರ ಮತದಿಂದ ಪಾಸಾಯಿತು. 2028ರ ಜುಲೈ 31ರವರೆಗೆ ನಡೆಯುತ್ತದೆ. ಪಾಸಾದಾಗ ಸುಮಾರು 3,40,000 ಜನ ಇದರ ಕೆಳಗೆ ಬರುತ್ತಿದ್ದರು. ಪಾರ್ಟ್‌ಟೈಮ್ ಕೆಲಸಕ್ಕೆ ಸೇರುವವರ ಆರಂಭದ ಕೂಲಿ ಗಂಟೆಗೆ 21 ಡಾಲರ್ ಆಯಿತು. ದಿನಕ್ಕೆ ಮೂರೂವರೆ ಗಂಟೆ ಕೆಲಸದ ಖಾತ್ರಿ ಇದೆ. ಕಾಯುವ ಅವಧಿ ಮುಗಿದ ಮೇಲೆ ಆರೋಗ್ಯ ವಿಮೆಯೂ ಸಿಗುತ್ತದೆ. ಅಮೆರಿಕದಲ್ಲಿ ವಿಮೆ ಇಲ್ಲದೆ ಆಸ್ಪತ್ರೆ ಬಾಗಿಲು ಹತ್ತಿದವರನ್ನು ಕೇಳಿ, ಈ ಪಾರ್ಟ್‌ಟೈಮ್ ಕೆಲಸಕ್ಕೆ ಜನ ಯಾಕೆ ಅಂಟಿಕೊಂಡಿರುತ್ತಾರೆ ಅಂತ ಗೊತ್ತಾಗುತ್ತದೆ. ಒಂದು ವಾರ್ನಿಂಗ್ ಲೆಟರ್ ಬಂದಾಗ ಹೆದರಿಕೆ ಆಗುವುದು ಬರೀ ಕೂಲಿಗಾಗಿ ಅಲ್ಲ.

ಒಂದು ಡಾಲರಿನ ಕೋಳಿ

ಆಫೀಸಿಗೆ ಕರೆದಾಗ ನಿಮಗಿರುವ ಹಕ್ಕಿಗೆ ವೈನ್‌ಗಾರ್ಟನ್ ಹಕ್ಕು ಅನ್ನುತ್ತಾರೆ. ಹೆಸರು ಕೇಳಿದರೆ ಯಾವುದೋ ವಕೀಲರ ವಿಷಯ ಅನಿಸುತ್ತದೆ. ಅದರ ಹಿಂದೆ ಇರುವುದು ಅಂಗಡಿಯಲ್ಲಿ ದುಡಿಯುತ್ತಿದ್ದ ಒಬ್ಬ ಹೆಂಗಸಿನ ಕಥೆ.

1972, ಟೆಕ್ಸಾಸ್‌ನ ಹ್ಯೂಸ್ಟನ್. ವೈನ್‌ಗಾರ್ಟನ್ ಅನ್ನುವ ಅಂಗಡಿಗಳ ಕಂಪನಿಯಲ್ಲಿ ಲ್ಯೂರಾ ಕಾಲಿನ್ಸ್ ಊಟದ ವಿಭಾಗದಲ್ಲಿದ್ದರು. 2.98 ಡಾಲರಿನ ಕೋಳಿ ಬಾಕ್ಸ್ ತೆಗೆದುಕೊಂಡು ಒಂದೇ ಡಾಲರ್ ಹಾಕಿದ್ದಾರೆ ಅಂತ ಯಾರೋ ದೂರು ಹೇಳಿದರು. ಮ್ಯಾನೇಜರ್ ಮತ್ತು ಕಂಪನಿಯ ತನಿಖೆಯವನು ಅವರನ್ನು ಕೂರಿಸಿಕೊಂಡು ಪ್ರಶ್ನೆ ಶುರು ಮಾಡಿದರು. ಯೂನಿಯನ್ನಿನವರನ್ನು ಕರೆಸಿ ಅಂತ ಕಾಲಿನ್ಸ್ ಮತ್ತೆ ಮತ್ತೆ ಕೇಳಿದರು. ಕರೆಸಲಿಲ್ಲ. ಆಮೇಲೆ ನಿಜ ಹೊರಬಿತ್ತು. ಅವರು ತೆಗೆದುಕೊಂಡಿದ್ದು ಒಂದು ಡಾಲರಿನ ಕೋಳಿಯನ್ನೇ. ಚಿಕ್ಕ ಬಾಕ್ಸ್ ಖಾಲಿಯಾಗಿತ್ತು, ಅದಕ್ಕೆ ದೊಡ್ಡದರಲ್ಲಿ ಹಾಕಿಕೊಂಡಿದ್ದರು. ತನಿಖೆಯವನು ವಿಚಾರಿಸಿ, ಹೌದು ಅಂತ ಗೊತ್ತಾಗಿ ಕ್ಷಮೆ ಕೇಳಿದ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕಾಲಿನ್ಸ್ ಅತ್ತುಬಿಟ್ಟರು. ಅಳುತ್ತಲೇ, ನಾನು ಈ ಅಂಗಡಿಯಿಂದ ದುಡ್ಡು ಕೊಡದೆ ತೆಗೆದುಕೊಂಡಿರುವುದು ಅಂದರೆ ನನ್ನ ಮಧ್ಯಾಹ್ನದ ಊಟ ಮಾತ್ರ ಅಂದುಬಿಟ್ಟರು. ಕೂಡಲೇ ಎರಡನೇ ಸುತ್ತಿನ ಪ್ರಶ್ನೆ ಶುರುವಾಯಿತು. ಸುಮಾರು 160 ಡಾಲರ್ ಊಟದ ಬಾಕಿ ಇದೆ ಅಂತ ಬರೆದು, ಸಹಿ ಹಾಕು ಅಂದರು. ಅವರು ಹಾಕಲಿಲ್ಲ. ಆಮೇಲೆ ನೋಡಿದರೆ ಆ ಅಂಗಡಿಯಲ್ಲಿ ಮ್ಯಾನೇಜರ್ ಕೂಡ ಪುಕ್ಕಟೆ ಊಟ ಮಾಡುತ್ತಿದ್ದರು.

ಈ ಕೇಸು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1975ರಲ್ಲಿ ಕೋರ್ಟ್ ಹೇಳಿತು: ವಿಚಾರಣೆಯಿಂದ ತನಗೆ ಶಿಕ್ಷೆ ಆಗಬಹುದು ಅಂತ ಕೆಲಸಗಾರನಿಗೆ ಅನಿಸಲು ಸರಿಯಾದ ಕಾರಣವಿದ್ದರೆ, ಯೂನಿಯನ್ ಪ್ರತಿನಿಧಿ ಜೊತೆಗಿರಲಿ ಅಂತ ಕೇಳುವ ಹಕ್ಕು ಅವನಿಗಿದೆ. ಹೆದರಿದ ಮನುಷ್ಯ ತನಗೆ ಅನುಕೂಲವಾದದ್ದನ್ನೂ ಹೇಳಲಾರ, ಬೇಡದ್ದನ್ನು ಬಾಯಿಬಿಡುತ್ತಾನೆ. ಕಾಲಿನ್ಸ್ ಅವರ ಕಥೆಯಲ್ಲಿ ಇದಕ್ಕಿಂತ ದೊಡ್ಡ ಪಾಠ ನನಗೆ ಕಾಣುವುದಿಲ್ಲ.

ಇಲ್ಲಿ ಒಂದು ಕೊಕ್ಕೆ ಇದೆ. ಈ ಹಕ್ಕಿನ ಬಗ್ಗೆ ಕಂಪನಿ ನಿಮಗೆ ಹೇಳಬೇಕಾಗಿಲ್ಲ. ಪೊಲೀಸರು ಹಿಡಿದಾಗ ಹಕ್ಕು ಓದಿ ಹೇಳುತ್ತಾರಲ್ಲ, ಆ ಥರ ಅಲ್ಲ. ನೀವೇ ಬಾಯಿಬಿಟ್ಟು ಕೇಳಬೇಕು. "ಐ ವಾಂಟ್ ಮೈ ಸ್ಟೀವರ್ಡ್" ಅಂದರೆ ಸಾಕು. ಇಂಗ್ಲಿಷ್ ಕಷ್ಟ ಅನ್ನುವವರು ಈ ನಾಲ್ಕು ಪದ ಬಾಯಿಪಾಠ ಮಾಡಿಕೊಳ್ಳಿ. ಸ್ಟೀವರ್ಡ್ ಅಂದರೆ ನಿಮ್ಮ ಜೊತೆಯಲ್ಲೇ ದುಡಿಯುವ, ಯೂನಿಯನ್ ಪರವಾಗಿ ಮಾತಾಡುವ ಕೆಲಸಗಾರ. ನೀವು ಕೇಳಿದ ಮೇಲೆ ಕಂಪನಿಗೆ ಮೂರೇ ದಾರಿ. ಸ್ಟೀವರ್ಡ್‌ನನ್ನು ಕರೆಸಬೇಕು, ಇಲ್ಲ ಪ್ರಶ್ನೆ ನಿಲ್ಲಿಸಬೇಕು, ಇಲ್ಲ ಪ್ರತಿನಿಧಿ ಇಲ್ಲದೆ ಮಾತಾಡುತ್ತೀಯೋ ಅಥವಾ ಈ ಮಾತುಕತೆಯೇ ಬೇಡವೋ ಅಂತ ನಿಮ್ಮನ್ನೇ ಕೇಳಬೇಕು. ಮೂರನೆಯದನ್ನು ಕೇಳಿದರೆ ಬೇಡ ಅನ್ನಿ. ಕಾನೂನಿನ ಜೊತೆಗೆ ಟೀಮ್‌ಸ್ಟರ್ಸ್ ಒಪ್ಪಂದದ 4ನೇ ಆರ್ಟಿಕಲ್‌ನಲ್ಲೂ ಸ್ಟೀವರ್ಡ್ ಕೇಳುವ ಹಕ್ಕು ಬರೆದಿದೆ.

ಈ ಹಕ್ಕು ಪ್ರಶ್ನೆ ಕೇಳುವ ವಿಚಾರಣೆಗೆ. "ಆ ಬಾಕ್ಸ್ ಶೆಲ್ಫ್ ಮೇಲಿಡು" ಅನ್ನುವ ದಿನನಿತ್ಯದ ಮಾತಿಗೆ ಸ್ಟೀವರ್ಡ್ ಬೇಕು ಅನ್ನಲಾಗದು. ಕೆಲಸ ಹೇಳಿದರೆ ಮಾಡಿ. ತಪ್ಪು ಅನಿಸಿದರೆ ಆಮೇಲೆ ದೂರು ಕೊಡಿ. ಕೆಲಸದ ಜಾಗದಲ್ಲೇ ಆಗಲ್ಲ ಅಂತ ನಿಂತರೆ ಮಿಸ್‌ಲೋಡ್ ವಿಷಯ ಮರೆಯಾಗಿ ಅವಿಧೇಯತೆಯ ವಿಷಯ ಮುಂದೆ ಬರುತ್ತದೆ. ಜೀವಕ್ಕೆ ಅಪಾಯ ಇರುವ ಕೆಲಸದ ಮಾತೇ ಬೇರೆ.

ಸುಳ್ಳು ಹೇಳಬೇಡಿ, ಊಹೆಯನ್ನೂ ಹೇಳಬೇಡಿ

ಸ್ಟೀವರ್ಡ್ ಬಂದ ಮೇಲೆ ಏನು ಹೇಳಬೇಕು? ಜನ ಜಾಸ್ತಿ ಎಡವುವುದು ಇಲ್ಲೇ.

ಯುಪಿಎಸ್ ಒಪ್ಪಂದದ 7ನೇ ಆರ್ಟಿಕಲ್‌ನಲ್ಲಿ ಒಂದು ಒಳ್ಳೆಯ ನಿಯಮ ಇದೆ. ಸಸ್ಪೆಂಡ್ ಮಾಡುತ್ತೇವೆ, ಕೆಲಸದಿಂದ ತೆಗೆಯುತ್ತೇವೆ ಅಂತ ಕಂಪನಿ ಹೇಳಿದರೂ, ನೀವು ಹೂಡಿದ ದೂರು ತೀರ್ಮಾನ ಆಗುವ ತನಕ ಕೂಲಿ ಕಳೆದುಕೊಳ್ಳದೆ ಕೆಲಸದಲ್ಲಿ ಇರಬಹುದು. ಆದರೆ ಅತಿ ದೊಡ್ಡ ತಪ್ಪುಗಳಿಗೆ ಈ ರಕ್ಷಣೆ ಇಲ್ಲ. ಆ ಪಟ್ಟಿ ಊರಿಂದೂರಿಗೆ ಬೇರೆ. ಕಳ್ಳತನ, ಅಪ್ರಾಮಾಣಿಕತೆ, ಕುಡಿದು ಕೆಲಸಕ್ಕೆ ಬರುವುದು ಅದರಲ್ಲಿ ಸಾಮಾನ್ಯವಾಗಿ ಇರುತ್ತವೆ. ಮಿಸ್‌ಲೋಡ್ ಅಂಥ ತಪ್ಪಲ್ಲ. ಆದರೆ ನೀವೇ ಲೋಡ್ ಮಾಡಿದ ಬಾಕ್ಸನ್ನು "ನಾನು ಮುಟ್ಟಿಯೇ ಇಲ್ಲ" ಅಂದು, ಆಮೇಲೆ ಕ್ಯಾಮೆರಾದಲ್ಲೋ ಸ್ಕ್ಯಾನ್ ದಾಖಲೆಯಲ್ಲೋ ಸಿಕ್ಕಿಬಿದ್ದರೆ? ಈಗ ಮಾತು ಬಾಕ್ಸಿನದಲ್ಲ, ಅಪ್ರಾಮಾಣಿಕತೆಯದು. ಸಣ್ಣ ತಪ್ಪು ಮುಚ್ಚಲು ಹೋಗಿ ಕೆಲಸಕ್ಕೇ ಕುತ್ತು ತಂದುಕೊಂಡಂತೆ.

ಹಾಗಂತ ಒಪ್ಪಿಕೊಂಡುಬಿಡಬೇಕಾ? ಅದೂ ಬೇಡ. "ಹೌದು ಸರ್, ನಂದೇ ತಪ್ಪು, ಇನ್ನು ಮೇಲೆ ಆಗಲ್ಲ" ಅನ್ನುವುದು ನಮ್ಮವರ ಬಾಯಿಗೆ ಸುಲಭವಾಗಿ ಬರುತ್ತದೆ. ಮನೆಯಲ್ಲಿ ಅದು ಜಗಳ ಮುಗಿಸುವ ಮಾತು. ಅಲ್ಲಿ ಅದು ತಪ್ಪೊಪ್ಪಿಗೆ. ಮೊನ್ನೆ ಇಟ್ಟ ನೂರಾರು ಬಾಕ್ಸ್‌ಗಳಲ್ಲಿ ಈ ಒಂದು ಬಾಕ್ಸ್ ನಿಮಗೆ ನಿಜವಾಗಿ ನೆನಪಿದೆಯಾ? ಇಲ್ಲವಾದರೆ "ನನಗೆ ನೆನಪಿಲ್ಲ" ಅನ್ನುವುದೇ ನಿಜ. ಗೊತ್ತಿರುವುದನ್ನು ಚಿಕ್ಕದಾಗಿ ಹೇಳಿ. ಗೊತ್ತಿಲ್ಲದ್ದನ್ನು ಊಹಿಸಬೇಡಿ. ಕೇಳದ ಪ್ರಶ್ನೆಗೆ ಉತ್ತರ ಕೊಡಬೇಡಿ. ಪಕ್ಕದ ಲೋಡರ್ ಮೇಲೆ ಎತ್ತಿ ಹಾಕಬೇಡಿ. ನಾಳೆಯೂ ಅವನ ಪಕ್ಕದಲ್ಲೇ ನಿಲ್ಲಬೇಕು.

ಕಾಗದ ಮುಂದಿಟ್ಟು ಸಹಿ ಕೇಳಬಹುದು. ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ. ಸ್ಟೀವರ್ಡ್ ಓದಲಿ. ಪತ್ರ ಕೈಗೆ ಬಂತು ಅನ್ನುವುದಕ್ಕಷ್ಟೇ ಸಹಿ ಅಂದರೆ, ಸಹಿಯ ಪಕ್ಕದಲ್ಲಿ "ಪ್ರತಿ ತಲುಪಿದ್ದಕ್ಕೆ ಮಾತ್ರ" ಅನ್ನುವ ಅರ್ಥದಲ್ಲಿ ಇಂಗ್ಲಿಷಿನಲ್ಲಿ ಬರೆದು ಹಾಕಿ. ಒಂದು ನಕಲು ಕೇಳಿ ಪಡೆಯಿರಿ.

ವಾರ್ನಿಂಗ್ ಲೆಟರ್ ಬಂದರೆ ಏನು? ಅದು ಪೊಲೀಸ್ ಕೇಸಲ್ಲ, ಬಂದ ಕೂಡಲೇ ಕೆಲಸ ಹೋಗುವುದಿಲ್ಲ. ಶಿಕ್ಷೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ: ಬಾಯಿಮಾತು, ವಾರ್ನಿಂಗ್ ಲೆಟರ್, ಸಸ್ಪೆನ್ಷನ್, ಕೊನೆಗೆ ವಜಾ. ಹಲವು ಪ್ರಾದೇಶಿಕ ಒಪ್ಪಂದಗಳಲ್ಲಿ ವಾರ್ನಿಂಗ್ ಲೆಟರ್‌ನ ಆಯುಸ್ಸು 9 ತಿಂಗಳು. ಅದಾದ ಮೇಲೆ ಅದನ್ನು ಮೆಟ್ಟಿಲಾಗಿ ಬಳಸುವಂತಿಲ್ಲ. ಸುಮ್ನೆ ಇದ್ದರೆ ತಾನಾಗೇ ಹೋಗುತ್ತದಲ್ಲ ಅಂತ ಕೆಲವರು ದೂರು ಕೊಡುವುದಿಲ್ಲ. ನನ್ನ ಪ್ರಕಾರ ಅದು ತಪ್ಪು. ಆ 9 ತಿಂಗಳಲ್ಲಿ ಇನ್ನೊಂದು ಮಿಸ್‌ಲೋಡ್ ಆದರೆ, ನೀವು ಪ್ರಶ್ನೆ ಮಾಡದ ಮೊದಲ ಪತ್ರ ಗಟ್ಟಿ ಮೆಟ್ಟಿಲಾಗಿ ನಿಂತಿರುತ್ತದೆ. ಪ್ರತಿ ಪತ್ರಕ್ಕೂ ಗ್ರೀವೆನ್ಸ್, ಅಂದರೆ ಲಿಖಿತ ದೂರು ಹಾಕಿ. ಅದಕ್ಕೆ ಗಡುವು ಇರುತ್ತದೆ. ಕೆಲವು ಕಡೆ ಕೆಲವೇ ದಿನ. ರಾಷ್ಟ್ರೀಯ ಒಪ್ಪಂದದ ಜೊತೆಗೆ ನಿಮ್ಮ ಪ್ರದೇಶದ ಪೂರಕ ಒಪ್ಪಂದದ ಪುಸ್ತಕವನ್ನೂ ಸ್ಟೀವರ್ಡ್ ಹತ್ತಿರ ಕೇಳಿ ತೆಗೆದುಕೊಳ್ಳಿ. ಗಡುವು ಬರೆದಿರುವುದು ಅದರಲ್ಲೇ.

ಕಾರಣ ನ್ಯಾಯವಾದದ್ದಾ?

ದೂರಿನಲ್ಲಿ ವಾದ ಮಾಡುವುದು ಯಾವುದರ ಮೇಲೆ? "ಜಸ್ಟ್ ಕಾಸ್" ಅನ್ನುವ ಎರಡು ಪದದ ಮೇಲೆ. ಶಿಕ್ಷೆಗೆ ನ್ಯಾಯವಾದ ಕಾರಣ ಬೇಕು ಅಂತ ಅದರ ಅರ್ಥ. ಕಂಪನಿ, ಯೂನಿಯನ್ ನಡುವಿನ ಜಗಳ ತೀರ್ಮಾನಿಸುವ ಕ್ಯಾರೊಲ್ ಡಾಹರ್ಟಿ ಅನ್ನುವ ಮಧ್ಯಸ್ಥಗಾರರು 1966ರ ಒಂದು ತೀರ್ಪಿನಲ್ಲಿ ಇದನ್ನು ಅಳೆಯಲು ಏಳು ಪ್ರಶ್ನೆ ಕೊಟ್ಟರು. ಎಲ್ಲರೂ ಅದನ್ನೇ ಅಕ್ಷರಶಃ ಪಾಲಿಸುವುದಿಲ್ಲ, ಆದರೂ ಸ್ಟೀವರ್ಡ್‌ಗಳು ಇವತ್ತಿಗೂ ಅದನ್ನು ಹಿಡಿದೇ ಯೋಚಿಸುತ್ತಾರೆ. ಹೀಗೆ ಮಾಡಿದರೆ ಶಿಕ್ಷೆ ಆಗುತ್ತದೆ ಅಂತ ಮೊದಲೇ ಹೇಳಿದ್ದರಾ, ನಿಯಮ ಕೆಲಸಕ್ಕೆ ತಕ್ಕದ್ದಾ, ಶಿಕ್ಷೆಗೆ ಮೊದಲು ವಿಚಾರಿಸಿದರಾ, ಆ ವಿಚಾರಣೆ ನ್ಯಾಯವಾಗಿತ್ತಾ, ಸಾಕ್ಷಿ ಇದೆಯಾ, ಎಲ್ಲರಿಗೂ ಒಂದೇ ನಿಯಮವಾ, ತಪ್ಪಿಗೂ ಶಿಕ್ಷೆಗೂ ತಾಳೆ ಆಗುತ್ತದಾ.

ಮಿಸ್‌ಲೋಡ್ ವಿಷಯದಲ್ಲಿ ಗಟ್ಟಿಯಾಗಿ ಹಿಡಿಯಬೇಕಾದ್ದು ಸಾಕ್ಷಿ ಮತ್ತು ಸಮಾನತೆ.

ಸಾಕ್ಷಿ ಯಾಕೆ? ಬಾಕ್ಸ್ 73ರಲ್ಲಿ ಸಿಕ್ಕಿತು ಅನ್ನುವುದು ನಿಜ ಇರಬಹುದು. ಅದನ್ನು ಅಲ್ಲಿಟ್ಟವರು ನೀವೇ ಅನ್ನುವುದು ಬೇರೆ ಮಾತು. ಚೀಟಿಯೇ ತಪ್ಪಾಗಿ ಅಂಟಿರಬಹುದು. ಒಂದು ಬಾಕ್ಸಿನ ಚೀಟಿ ಕಳಚಿ ಇನ್ನೊಂದಕ್ಕೆ ಅಂಟಿಕೊಂಡಿರಬಹುದು. ನೀವು ಬಾತ್‌ರೂಮಿಗೆ ಹೋಗಿದ್ದಾಗ ಬೇರೆ ಯಾರೋ ತುಂಬಿರಬಹುದು. ಬೆಲ್ಟ್ ತುಂಬಿ ತುಳುಕಿದಾಗ ಸೂಪರ್‌ವೈಸರ್ ತಾವೇ ಬಾಕ್ಸ್ ಎತ್ತಿ ಗಾಡಿಗೆ ಹಾಕಿರಬಹುದು. ಈ ಕೊನೆಯದನ್ನು ಮರೆಯಬೇಡಿ. ಯೂನಿಯನ್ ಕೆಲಸವನ್ನು ಸೂಪರ್‌ವೈಸರ್ ಮಾಡಬಾರದು ಅಂತ ಒಪ್ಪಂದದ 3ನೇ ಆರ್ಟಿಕಲ್‌ನಲ್ಲೇ ಇದೆ. ಹಾಗೆ ಮಾಡಿದ ಸಮಯಕ್ಕೆ, ಆ ಕೆಲಸ ಕಳೆದುಕೊಂಡ ಕೆಲಸಗಾರನಿಗೆ ದುಪ್ಪಟ್ಟು ಕೂಲಿ ಕೇಳಬಹುದು. ನಿಮ್ಮ ಗಾಡಿಗೆ ಅವರೂ ಕೈ ಹಾಕಿದ್ದರೆ, ತಪ್ಪು ನಿಮ್ಮದೇ ಅಂತ ಯಾರು ಹೇಳಬಲ್ಲರು?

ಸಮಾನತೆ ಯಾಕೆ? ಬೆಲ್ಟ್ ಉದ್ದಕ್ಕೂ ಎಲ್ಲರಿಂದಲೂ ಮಿಸ್‌ಲೋಡ್ ಆಗುತ್ತದೆ. ನಿಮಗೆ ಮಾತ್ರ ಪತ್ರ ಬಂದಿದ್ದರೆ, ಕೆಲಸದ ಕಾರಣಕ್ಕೆ ಬಂತಾ ಅಥವಾ ಹೋದ ತಿಂಗಳು ನೀವು ಸುರಕ್ಷತೆಯ ಬಗ್ಗೆ ದೂರು ಕೊಟ್ಟಿದ್ದಕ್ಕೆ ಬಂತಾ ಅಂತ ಕೇಳಬೇಕು. ಇದನ್ನು ಊಹೆಯಿಂದ ಹೇಳಲಾಗದು. ಅದಕ್ಕೆ ಯೂನಿಯನ್ ಕೈಯಲ್ಲಿ ಒಂದು ಆಯುಧ ಇದೆ. ದೂರಿಗೆ ಬೇಕಾದ ಮಾಹಿತಿಯನ್ನು ಕಂಪನಿಯಿಂದ ಕೇಳಿ ಪಡೆಯುವ ಹಕ್ಕು ಯೂನಿಯನ್‌ಗೆ ಕಾನೂನಿನಿಂದಲೇ ಬಂದಿದೆ. ಆ ದಿನ ನಿಮ್ಮ ಗಾಡಿಗಳಿಗೆ ಎಷ್ಟು ಬಾಕ್ಸ್ ಬಂತು, ಆ ಬೆಲ್ಟ್‌ನಲ್ಲಿ ಎಷ್ಟು ಜನ ಇದ್ದರು, ಉಳಿದವರ ಮಿಸ್‌ಲೋಡ್ ಎಷ್ಟು, ಅವರಲ್ಲಿ ಯಾರಿಗೆ ಪತ್ರ ಹೋಯಿತು, ನಿಮಗೆ ತರಬೇತಿ ಕೊಟ್ಟ ದಾಖಲೆ ಎಲ್ಲಿ, ಎಲ್ಲವನ್ನೂ ಸ್ಟೀವರ್ಡ್ ಬರವಣಿಗೆಯಲ್ಲಿ ಕೇಳಬಹುದು. ಸಾವಿರ ಬಾಕ್ಸ್‌ನಲ್ಲಿ ಎರಡು ತಪ್ಪಿದ್ದಕ್ಕೂ ನೂರರಲ್ಲಿ ಎರಡು ತಪ್ಪಿದ್ದಕ್ಕೂ ವ್ಯತ್ಯಾಸ ಇದೆ. ಒಟ್ಟು ಲೆಕ್ಕ ಕೈಗೆ ಬಾರದೆ ತಪ್ಪಿನ ಲೆಕ್ಕಕ್ಕೆ ಬೆಲೆ ಇಲ್ಲ.

ನಿಮ್ಮ ಕೈಯಲ್ಲಿರುವ ಆಯುಧ ಇನ್ನೂ ಸರಳ: ಜೇಬಿಗೆ ಹಿಡಿಯುವ ಒಂದು ನೋಟ್‌ಬುಕ್ಕು. ಬ್ರೇಕಿನಲ್ಲೋ ಮನೆಗೆ ಹೋಗುವ ಮೊದಲೋ ಎರಡು ಸಾಲು ಬರೆಯಿರಿ. ಕನ್ನಡದಲ್ಲೇ ಬರೆದುಕೊಂಡರೂ ನಡೆಯುತ್ತದೆ. "ಮಂಗಳವಾರ. ಪಕ್ಕದವನು ರಜೆ, ನನಗೆ 4 ಬದಲು 5 ಗಾಡಿ. 6:10ಕ್ಕೆ ಬೆಲ್ಟ್ ನಿಲ್ಲಿಸಿ ಅಂದೆ, ನಿಲ್ಲಿಸಲಿಲ್ಲ. 6:20ರಿಂದ 6:45 ಸೂಪರ್‌ವೈಸರ್ 73ಕ್ಕೆ ಲೋಡ್ ಮಾಡಿದರು." ಎರಡು ವಾರದ ನಂತರ ಆಫೀಸಿನಲ್ಲಿ ಕೂತಾಗ ನಿಮ್ಮ ನೆನಪಿಗಿಂತ ಈ ನಾಲ್ಕು ಸಾಲಿಗೆ ಬಲ ಜಾಸ್ತಿ.

ಗ್ರೀವೆನ್ಸ್ ಮೊದಲು ಕಟ್ಟಡದಲ್ಲೇ ಮ್ಯಾನೇಜರ್ ಮತ್ತು ಸ್ಟೀವರ್ಡ್ ನಡುವೆ ಚರ್ಚೆ ಆಗುತ್ತದೆ. ಅಲ್ಲಿ ಬಗೆಹರಿಯದಿದ್ದರೆ ಬಿಸಿನೆಸ್ ಏಜೆಂಟ್, ಅಂದರೆ ಸ್ಥಳೀಯ ಯೂನಿಯನ್‌ನ ಅಧಿಕಾರಿಯ ಕೈಗೆ ಹೋಗುತ್ತದೆ. ಆಮೇಲೆ ಕಂಪನಿ ಮತ್ತು ಯೂನಿಯನ್ ಕಡೆಯವರು ಸಮಸಮ ಸಂಖ್ಯೆಯಲ್ಲಿ ಕೂರುವ ಪ್ಯಾನೆಲ್. ಅಲ್ಲೂ ಸಮಬಲ ಆದರೆ ಹೊರಗಿನ ಮಧ್ಯಸ್ಥಗಾರರವರೆಗೆ ಹೋಗಬಹುದು. ತಿಂಗಳುಗಳೇ ಹಿಡಿಯಬಹುದು, ತಾಳ್ಮೆ ಬೇಕು.

ಇದೆಲ್ಲ ಪ್ರೊಬೇಷನ್ ಮುಗಿಸಿದವರಿಗೆ. ಹೊಸಬರಿಗೆ ಶುರುವಿನ ಆ ಅವಧಿಯಲ್ಲಿ ಜಸ್ಟ್ ಕಾಸ್ ರಕ್ಷಣೆ ಇರುವುದಿಲ್ಲ. ಆಗ ವೇಗಕ್ಕಿಂತ ಚೀಟಿ ಓದುವುದರ ಮೇಲೆ ಗಮನ ಇರಲಿ. ಯೂನಿಯನ್ನೇ ಇಲ್ಲದ ಪಾರ್ಸೆಲ್ ಕಂಪನಿಗಳಲ್ಲಿ ಇರುವವರಿಗೆ ವೈನ್‌ಗಾರ್ಟನ್ ಹಕ್ಕೂ ಸಿಗುವುದಿಲ್ಲ. 2004ರಲ್ಲಿ ಅಮೆರಿಕ ಸರ್ಕಾರದ ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿ ಹಾಗೆ ತೀರ್ಮಾನ ಕೊಟ್ಟಿತು. ಆದರೆ 1935ರ ರಾಷ್ಟ್ರೀಯ ಕಾರ್ಮಿಕ ಸಂಬಂಧ ಕಾಯ್ದೆಯ ಕೆಳಗೆ ಬರುವ ಕಂಪನಿಯಾದರೆ, ಇಬ್ಬರು ಮೂವರು ಸೇರಿ "ಬೆಲ್ಟ್ ವೇಗ ಕಡಿಮೆ ಮಾಡಿ" ಅಂತ ಕೇಳಿದ್ದಕ್ಕೆ ಶಿಕ್ಷೆ ಕೊಡುವಂತಿಲ್ಲ.

ಕೊನೆಯದಾಗಿ, ಯೂನಿಯನ್ನೇ ನಿಮ್ಮ ಮಾತು ಕೇಳದಿದ್ದರೆ? ಎಲ್ಲ ಸ್ಟೀವರ್ಡ್‌ಗಳೂ ಒಂದೇ ಥರ ಇರುವುದಿಲ್ಲ. ಒಬ್ಬರು ಸರಿಯಿಲ್ಲ ಅನಿಸಿದರೆ ಇನ್ನೊಬ್ಬರನ್ನು ಕೇಳಿ, ಬಿಸಿನೆಸ್ ಏಜೆಂಟ್‌ಗೆ ಫೋನ್ ಮಾಡಿ. ದೂರಿನ ಪ್ರತಿ ನಿಮ್ಮ ಹತ್ತಿರ ಇರಲಿ. ಪ್ರತಿ ಕೇಸನ್ನೂ ಕೊನೆವರೆಗೆ ಒಯ್ಯಲೇಬೇಕು ಅಂತ ಯೂನಿಯನ್ ಮೇಲೆ ಕಟ್ಟುಪಾಡಿಲ್ಲ. ಆದರೆ ದ್ವೇಷದಿಂದಲೋ, ಭೇದ ಮಾಡಿಯೋ, ಮನಸ್ಸಿಗೆ ಬಂದಂತೆಯೋ ನಿಮ್ಮ ಕೇಸು ಕೈಬಿಡುವಂತಿಲ್ಲ ಅಂತ 1967ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗೆ ಆಗಿದೆ ಅನಿಸಿದರೆ ಅದೇ ಕಾರ್ಮಿಕ ಮಂಡಳಿಗೆ ನೀವೇ ದೂರು ಕೊಡಬಹುದು. ಅದಕ್ಕೆ ಸಿಗುವ ಸಮಯ 6 ತಿಂಗಳು.